ಮನೆಗೆ ಬಂದ ಎರಡನೆಯ ಬೆಕ್ಕು

ಮನೆಗೆ ಎರಡನೆಯ ಬೆಕ್ಕನ್ನು ತರುವುದು ಬಹಳ ಸುಲಭವಾದ ಕೆಲಸ. ನಮ್ಮ ಕಡೆ ಅದಕ್ಕೆ ಒಂದು ಚೀಲವಿದ್ದರೆ ಸಾಕು. ದಾರಿಯ ಗುರುತು ಹಿಡಿದು ಹಿಂದಿರುಗಬಾರದೆಂದು ಬೆಕ್ಕನ್ನು ಚೀಲದೊಳಗೆ ಹಾಕಿ, ಬಾಯಿ ಕಟ್ಟಿ ತಂದು, ಹೊಸ ಮನೆಯ ಪಡಸಾಲೆಯಲ್ಲಿ ಬಿಚ್ಚುತ್ತಾರೆ. ಅಲ್ಲಿ ಮೊದಲೇ ಒಂದು ಬೆಕ್ಕಿದ್ದರೆ ಮುಂದಿನದನ್ನು ನೋಡಲು ಓಣಿಯ ಹುಡುಗರೆಲ್ಲ ಬಾಗಿಲಲ್ಲಿ ಸೇರುತ್ತಾರೆ. ಎರಡರ ಬಾಲಗಳೂ ಉಬ್ಬುತ್ತವೆ, ಬೆನ್ನುಗಳು ಬಿಲ್ಲಿನಂತೆ ಬಾಗುತ್ತವೆ, ಮನೆಯೊಳಗೆ ಕೂಸು ಅತ್ತಂತಹ ಕೂಗು ಏಳುತ್ತದೆ. ಕೊನೆಗೆ ಒಂದು ಮಾಳಿಗೆಗೆ ಹಾರುತ್ತದೆ, ಇನ್ನೊಂದು ಕಾಳಿನ ಚೀಲಗಳ ಸಂದಿನಲ್ಲಿ ಅಡಗುತ್ತದೆ. “ಎರಡು ದಿನ ಕಚ್ಚಾಡತಾವ, ಆಮ್ಯಾಲೆ ತಾವೇ ಹೊಂದಿಕೊಂತಾವ” ಎಂದು ಹಿರಿಯರು ತೀರ್ಪು ಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಈ ತೀರ್ಪು ಸರಿಯಾದುದಲ್ಲವೆಂದು ವಾದಿಸುವುದೇ ಈ ಲೇಖನದ ಉದ್ದೇಶ.

ವಿಷಯ ಕ್ಷುಲ್ಲಕವೆಂದು ಯಾರಾದರೂ ಪುಟ ಮಗುಚುವ ಮೊದಲು ನಮ್ಮೂರಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು ಭತ್ತದ ಸೀಮೆಗೆ ಸೇರಿದ ಊರು. ಭತ್ತವನ್ನು ನಾವು ನೆಲ್ಲು ಎನ್ನುತ್ತೇವೆ. 1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಂತು, ಕಾಲುವೆಗಳು ಹರಿದ ಮೇಲೆ ಈ ಭಾಗದ ಎಷ್ಟೋ ಹೊಲಗಳು ಗದ್ದೆಗಳಾದವು. ಗದ್ದೆಯ ಹಿಂದೆಯೇ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ಬಿತ್ತನೆಗೆಂದು ತೆಗೆದಿಟ್ಟ ನೆಲ್ಲಿನ ಚೀಲಕ್ಕೆ ಇಲಿ ತೂತು ಕೊರೆದರೆ ಅದರ ನಷ್ಟ ಏನೆಂಬುದು ರೈತನ ಮನೆಯವರಿಗೆ ಗೊತ್ತು. ಆದುದರಿಂದ ನಮ್ಮಲ್ಲಿ ಬೆಕ್ಕು ಮುದ್ದಿನ ಪ್ರಾಣಿ ಮಾತ್ರವಲ್ಲ, ಮನೆಯ ಆಳುಗಳಲ್ಲಿ ಒಂದು. ಇರುವ ಬೆಕ್ಕಿಗೆ ವಯಸ್ಸಾಯಿತೆಂದು ತೋರಿದಾಗ ಇನ್ನೊಂದನ್ನು ತರುವುದು ಸಹಜ. ಹಾಗೆ ತಂದ ಹೊಸ ಬೆಕ್ಕಿನ ಹೆದರಿಕೆಗೆ ಹಳೆಯ ಬೆಕ್ಕು ಮನೆಯನ್ನೇ ಬಿಟ್ಟುಹೋದರೆ, ಅಥವಾ ಹೊಸದು ಮೂರನೆಯ ದಿನ ಕಾಣೆಯಾದರೆ, ತಂದ ಶ್ರಮ ವ್ಯರ್ಥವಾದಂತೆಯೇ. ಹೀಗೆ ಹೊರಬಿದ್ದ ಬೆಕ್ಕುಗಳನ್ನು ನಾನು ಬಸ್ ನಿಲ್ದಾಣದಲ್ಲಿ, ಗಿರಣಿಯ ಹಿಂದೆ, ಹೋಟೆಲಿನ ಎಂಜಲು ತೊಟ್ಟಿಯ ಬಳಿ ಕಂಡಿದ್ದೇನೆ. ಅವುಗಳಲ್ಲಿ ಕೆಲವಾದರೂ ಒಂದು ಕಾಲಕ್ಕೆ ಯಾರದೋ ಅಜ್ಜಿಯ ಮಡಿಲಲ್ಲಿ ಮಲಗಿದವೇ ಆಗಿರಬೇಕು.

ಬೆಕ್ಕು ನಾಯಿಯಂತೆ ಹಿಂಡಿನ ಪ್ರಾಣಿಯಲ್ಲ ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. ನಾಯಿಯ ಪೂರ್ವಿಕರಾದ ತೋಳಗಳು ಗುಂಪಾಗಿ ಬೇಟೆಯಾಡುತ್ತಿದ್ದವು. ಬೆಕ್ಕಿನ ಪೂರ್ವಿಕನು ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಕಡೆಯ ಒಂದು ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿನಿಗಳ ಅಧ್ಯಯನ ತೋರಿಸಿತು. ಆ ಕಾಡುಬೆಕ್ಕು ಒಂಟಿಯಾಗಿ ತಿರುಗಿ, ಒಂಟಿಯಾಗಿ ಇಲಿ ಹಿಡಿದು, ಒಂಟಿಯಾಗಿಯೇ ತಿನ್ನುವ ಪ್ರಾಣಿ. ಒಂದು ಇಲಿ ಒಂದು ಬೆಕ್ಕಿನ ಒಂದು ತುತ್ತಿಗೆ ಸರಿ. ಅದರಲ್ಲಿ ಪಾಲುಗಾರಿಕೆಗೆ ಎಡೆಯಿಲ್ಲ. ಮನುಷ್ಯನು ಧಾನ್ಯ ಕೂಡಿಡಲು ಕಲಿತಾಗ, ಅದಕ್ಕೆ ಬಂದ ಇಲಿಗಳನ್ನು ಅರಸಿ ಬೆಕ್ಕು ಅವನ ಊರಿಗೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನು ಹೂಳಿದ್ದು ಉತ್ಖನನದಲ್ಲಿ ದೊರೆತು, 2004ರಲ್ಲಿ ಆ ಸಂಗತಿ ಪ್ರಕಟವಾಯಿತು. ಇಷ್ಟು ಹಳೆಯ ಸಹವಾಸವಿದ್ದರೂ ಬೆಕ್ಕು ತನ್ನ ಎಲ್ಲೆಯನ್ನು ತಾನೇ ಕಾಯುವ ಗುಣವನ್ನು ಬಿಟ್ಟಿಲ್ಲ. ತಾಯಿ, ಮಗಳು, ಒಡಹುಟ್ಟಿದವು ಆಹಾರ ಹೇರಳವಾಗಿರುವಲ್ಲಿ ಒಟ್ಟಿಗೆ ಇರುವುದುಂಟು. ಒಂದರ ಮರಿಗೆ ಇನ್ನೊಂದು ಹಾಲೂಡುವುದೂ ಉಂಟು. ಆದರೆ ಆ ಗುಂಪಿಗೆ ಅಪರಿಚಿತ ಬೆಕ್ಕು ಬಂದರೆ ಅದನ್ನು ಅಟ್ಟಿಬಿಡುತ್ತವೆ.

ತನ್ನದು ಯಾವುದು, ಪರಕೀಯ ಯಾವುದು ಎಂಬುದನ್ನು ಬೆಕ್ಕು ಮುಖ್ಯವಾಗಿ ಮೂಗಿನಿಂದ ನಿರ್ಣಯಿಸುತ್ತದೆ. ಅದರ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲು ಇಲ್ಲೆಲ್ಲ ವಾಸನೆ ಸೂಸುವ ಗ್ರಂಥಿಗಳಿವೆ. ಬೆಕ್ಕು ಬಂದು ನಮ್ಮ ಕಾಲಿಗೆ ಕೆನ್ನೆ ತಿಕ್ಕಿದಾಗ ನಾವು ಅದನ್ನು ಪ್ರೀತಿಯೆಂದುಕೊಳ್ಳುತ್ತೇವೆ. ಪ್ರೀತಿಯೂ ಇರಬಹುದು, ಆದರೆ ಅದು ನಮ್ಮ ಮೇಲೆ ತನ್ನ ಮುದ್ರೆಯನ್ನೂ ಒತ್ತುತ್ತಿರುತ್ತದೆ. ಬಾಗಿಲ ಚೌಕಟ್ಟು, ಕಂಬ, ಒರಳು, ಹಾಸಿಗೆ ಎಲ್ಲಕ್ಕೂ ಹೀಗೆಯೇ ಮುದ್ರೆ ಬಿದ್ದಿರುತ್ತದೆ. ಮೇಲಂಗುಳಿನಲ್ಲಿ ಮುಂಬಲ್ಲುಗಳ ಹಿಂದೆ ವಾಸನೆಯನ್ನು ಪರೀಕ್ಷಿಸುವ ಬೇರೊಂದು ಅವಯವವೇ ಅದಕ್ಕಿದೆ. ಬೆಕ್ಕು ಏನನ್ನೋ ಮೂಸಿ ಬಾಯಿ ಅರೆತೆರೆದು ನಿಂತಾಗ ಅದನ್ನು ಉಪಯೋಗಿಸುತ್ತಿರುತ್ತದೆ. ಹೀಗೆ ಒಂದೊಂದು ಅಂಗುಲವೂ ತನ್ನ ವಾಸನೆಯಿಂದ ತುಂಬಿದ ಮನೆಯ ನಟ್ಟನಡುವೆ ಒಂದು ದಿನ ಚೀಲ ಬಿಚ್ಚಿ, ಹೆದರಿದ ಅಪರಿಚಿತ ಪ್ರಾಣಿಯೊಂದನ್ನು ಸುರಿದರೆ ಹಳೆಯ ಬೆಕ್ಕಿಗೆ ಏನೆನಿಸೀತು? ಹೊಸದಕ್ಕಾದರೋ ಓಡಿಹೋಗಲು ದಾರಿಯೂ ಗೊತ್ತಿಲ್ಲ. ಆಗ ನಡೆಯುವ ಕಾಳಗವನ್ನು ಬೆಕ್ಕಿನ ದುಷ್ಟಸ್ವಭಾವವೆನ್ನುವುದು ನ್ಯಾಯವಲ್ಲ.

ಮೊದಲನೆಯ ಅನುಭವ ಬೆಕ್ಕಿನ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರುತ್ತದೆಂಬುದಕ್ಕೆ ನಮ್ಮ ನೆರೆಯ ಹಂಪಿಯ ಕತೆಯೇ ಇದೆ. ಕೃಷ್ಣದೇವರಾಯನ ರಾಜಧಾನಿಯಲ್ಲಿ ಇಲಿಗಳ ಕಾಟ ಹೆಚ್ಚಿ, ಅರಸನು ಮನೆಗೊಂದು ಬೆಕ್ಕನ್ನೂ ಅದಕ್ಕೆ ಹಾಲೂಡಲು ಒಂದು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನಂತೆ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡುತ್ತಿತ್ತಂತೆ. ಈ ಕತೆ ಕೇಳಿ ನಾವೆಲ್ಲ ಚಿಕ್ಕಂದಿನಲ್ಲಿ ರಾಮಕೃಷ್ಣನ ಜಾಣ್ಮೆಗೆ ನಕ್ಕಿದ್ದೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಕತೆಯ ಅರ್ಥ ಬೇರೆ. ಹಾಲು ಕೆಟ್ಟದ್ದಾಗಿರಲಿಲ್ಲ, ಬೆಕ್ಕೂ ಕೆಟ್ಟದ್ದಾಗಿರಲಿಲ್ಲ; ಎರಡರ ಮೊದಲ ಭೇಟಿಯನ್ನು ಏರ್ಪಡಿಸಿದವನು ಹಾಗೆ ಏರ್ಪಡಿಸಿದ್ದನು. ಚೀಲ ಬಿಚ್ಚಿ ಎರಡು ಬೆಕ್ಕುಗಳನ್ನು ಎದುರುಬದುರು ನಿಲ್ಲಿಸುವ ನಾವು ಬಟ್ಟಲಿಗೆ ಬಿಸಿಹಾಲು ಸುರಿಯುತ್ತಿದ್ದೇವೆ.

ಇದು ಕತೆಯ ಮಾತಷ್ಟೇ ಅಲ್ಲ. ಮೊದಲೇ ಒಂದು ಬೆಕ್ಕಿದ್ದ ಮನೆಗೆ ಪ್ರಾಣಿಗಳ ಆಶ್ರಯಧಾಮದಿಂದ ಇನ್ನೊಂದನ್ನು ಕೊಂಡೊಯ್ದವರನ್ನು ವಿಚಾರಿಸಿ ಅಮೆರಿಕದ ಸಂಶೋಧಕರು 2005ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೊದಲ ಭೇಟಿಯಲ್ಲೇ ಕಚ್ಚಾಟ ನಡೆದಿದ್ದ ಮನೆಗಳಲ್ಲಿ ತಿಂಗಳುಗಳು ಕಳೆದ ಮೇಲೆಯೂ ಜಗಳ ಮುಂದುವರಿಯುವ ಸಂಭವ ಹೆಚ್ಚೆಂದು ಅದರಲ್ಲಿ ಕಂಡುಬಂತು. ಎಂದರೆ “ಎರಡು ದಿನ ಕಚ್ಚಾಡಲಿ” ಎಂಬ ಎರಡು ದಿನಗಳೇ ಮುಂದಿನ ವರ್ಷವನ್ನು ನಿರ್ಣಯಿಸಬಲ್ಲವು.

ಇನ್ನು ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ನನ್ನ ಸೋದರತ್ತೆ, ಮಾವನವರು ತೀರಿಕೊಂಡ ಮೇಲೆ, ಆ ಊರಿನ ಮನೆಯನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ಅವರ ಜೊತೆಗೆ ಒಂದು ಟ್ರಂಕು, ಎರಡು ಗಂಟು, ಮತ್ತು ಕೆಂಚನೆಂಬ ಒಂದು ಗಂಡು ಬೆಕ್ಕು ಬಂದವು. ನಮ್ಮಲ್ಲಿ ಆಗಲೇ ಅಜ್ಜಿಯ ಕಾಳಿ ಇತ್ತು. ಕಾಳಿಗೆ ಏಳು ವರ್ಷ. ಅಜ್ಜಿ ಮಲಗುವ ಕೌದಿಯ ತುದಿ ಅದರ ಸ್ಥಾನ. ಕೆಂಚನಿಂದ ಕಾಳಿ ಮನೆ ಬಿಟ್ಟರೆ ಅಜ್ಜಿ ಯಾರನ್ನು ದೂರುವರೆಂಬುದು ಎಲ್ಲರಿಗೂ ತಿಳಿದಿತ್ತು. ಕೆಂಚನನ್ನು ಹೊರಗೆ ಹಾಕಿದರೆ ಅತ್ತೆಗೆ ಆ ಊರಿನಿಂದ ಉಳಿದ ಒಂದೇ ಜೀವವೂ ಹೋಗುತ್ತಿತ್ತು. ಅತ್ತೆ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಆದುದರಿಂದ ಕೆಲಸವನ್ನು ನಾನು ವಹಿಸಿಕೊಂಡೆ. ಪಶುವೈದ್ಯರೊಬ್ಬರು ಫೋನಿನಲ್ಲಿ ಹೇಳಿಕೊಟ್ಟ ಕ್ರಮ ನನಗೆ ಆಧಾರವಾಯಿತು.

ಮೊದಲನೆಯದಾಗಿ, ಕೆಂಚನನ್ನು ಕಾಳಿಗೆ ತೋರಿಸಲೇ ಇಲ್ಲ. ಹಿಂಬದಿಯಲ್ಲಿ ಸೌದೆಯಿಡುವ ಸಣ್ಣ ಕೋಣೆಯನ್ನು ತೆರವು ಮಾಡಿ, ಅತ್ತೆಯ ಹಳೆಯ ಸೀರೆಯೊಂದನ್ನು ಹಾಸಿ, ನೀರು, ಅನ್ನ, ಮತ್ತೊಂದು ಮೂಲೆಯಲ್ಲಿ ಮರಳು ತುಂಬಿದ ತಗಡಿನ ಡಬ್ಬಿ ಇಟ್ಟು ಬಾಗಿಲು ಹಾಕಿದೆವು. ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆಯನ್ನೂ ಇಟ್ಟೆವು. ಅತ್ತೆ ದಿನವೂ ಅಲ್ಲಿ ಹೋಗಿ ಕುಳಿತು ಬರುತ್ತಿದ್ದರು. ಆ ವಾರದಲ್ಲೇ ಪಟ್ಟಣದ ಪಶು ಆಸ್ಪತ್ರೆಗೆ ಒಯ್ದು ರೇಬೀಸ್ ಲಸಿಕೆ ಹಾಕಿಸಿದೆವು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಕಾಳಿಗೆ ಅವೆರಡೂ ಮೊದಲೇ ಆಗಿದ್ದವು.

ಎರಡನೆಯದಾಗಿ, ಕಣ್ಣಿಗಿಂತ ಮೊದಲು ಮೂಗಿಗೆ ಪರಿಚಯ ಮಾಡಿಸಿದೆವು. ಒಂದು ಮೆತ್ತನೆಯ ಬಟ್ಟೆಯಿಂದ ಕೆಂಚನ ಕೆನ್ನೆಯನ್ನು ಸವರಿ ಅದನ್ನು ಕಾಳಿಯ ಅನ್ನದ ತಟ್ಟೆಯಿಂದ ಒಂದು ಮಾರು ದೂರದಲ್ಲಿ ಇಟ್ಟೆ. ಕಾಳಿಯ ಕೆನ್ನೆ ಸವರಿದ ಬಟ್ಟೆಯನ್ನು ಕೆಂಚನ ಕೋಣೆಯಲ್ಲಿಟ್ಟೆ. ಇದನ್ನು ನೋಡಿ ಅಜ್ಜಿ, “ಏನವ್ವಾ, ಬಿ.ಎ. ಓದಿದೋರು ಬೆಕ್ಕಿನ ಮಾರಿ ಒರಸಾಕ ಕಲೀತಾರೇನು?” ಎಂದರು. ಕಾಳಿ ಮೊದಲ ದಿನ ಬಟ್ಟೆಗೆ ಬುಸ್ಸೆಂದಿತು. ನಾಲ್ಕನೆಯ ದಿನ ಮೂಸಿ ಸುಮ್ಮನಾಯಿತು. ಆರನೆಯ ದಿನ ಅದರ ಮೇಲೆಯೇ ಕುಳಿತು ಮೈ ನೆಕ್ಕಿಕೊಂಡಿತು. ಬುಸ್ಸೆನ್ನುವುದನ್ನು ಕಂಡು ಗದರಿಸಬಾರದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. “ದೂರ ಇರು” ಎಂಬ ಬೆಕ್ಕಿನ ಮಾತದು. ಆ ಮಾತನ್ನು ಆಡಗೊಡದಿದ್ದರೆ ಉಗುರು ಮಾತನಾಡುತ್ತದೆ.

ಮೂರನೆಯದಾಗಿ, ಮುಚ್ಚಿದ ಬಾಗಿಲಿನ ಎರಡು ಕಡೆ ಎರಡರ ತಟ್ಟೆಗಳನ್ನಿಟ್ಟು ಒಂದೇ ಹೊತ್ತಿಗೆ ಊಟ ಹಾಕತೊಡಗಿದೆವು. ಮೊದಲು ತಟ್ಟೆಗಳು ಬಾಗಿಲಿಗೆ ದೂರ. ದಿನಕ್ಕೆ ಒಂದು ಗೇಣು ಹತ್ತಿರ. ಆ ಕಡೆಯ ವಾಸನೆ ಬಂದಾಗಲೆಲ್ಲ ಊಟವೂ ಬರುತ್ತದೆಂದು ಎರಡಕ್ಕೂ ಮನದಟ್ಟಾಗಬೇಕೆಂಬುದು ಇದರ ಗುಟ್ಟು. ಆಮೇಲೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಕಲ್ಲು ಒತ್ತಿಟ್ಟು, ಸಂದಿನಲ್ಲಿ ಒಂದನ್ನೊಂದು ನೋಡಗೊಟ್ಟೆವು. ಹದಿನೇಳನೆಯ ದಿನ ಬಾಗಿಲು ಪೂರ್ತಿ ತೆರೆಯಿತು, ಅದೂ ಹತ್ತು ನಿಮಿಷಗಳ ಮಟ್ಟಿಗೆ. ಒಂದು ಮತ್ತೊಂದನ್ನು ರೆಪ್ಪೆ ಬಡಿಯದೆ ದಿಟ್ಟಿಸತೊಡಗಿದರೆ ನಡುವೆ ಒಂದು ಮೊರವನ್ನು ಅಡ್ಡ ಹಿಡಿಯುತ್ತಿದ್ದೆ. ಕೈ ಹಾಕುವಂತಿಲ್ಲ. ಸಿಟ್ಟಿನಲ್ಲಿರುವ ಬೆಕ್ಕು ಒಡೆಯನನ್ನೂ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ರೇಬೀಸ್ ನಾಯಿಯಿಂದ ಮಾತ್ರ ಬರುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಅದು ಪ್ರಾಣಾಂತಕವಾದ ನಂಬಿಕೆ.

ಆರನೆಯ ವಾರದ ಹೊತ್ತಿಗೆ ಎರಡೂ ಒಂದೇ ಮನೆಯಲ್ಲಿ ತಿರುಗಾಡತೊಡಗಿದವು. ಅವು ಒಂದನ್ನೊಂದು ಅಪ್ಪಿಕೊಂಡು ಮಲಗುತ್ತವೆಂದು ಬರೆದರೆ ಸುಳ್ಳಾಗುತ್ತದೆ. ಕಾಳಿಗೆ ಕೌದಿಯ ತುದಿ, ಕೆಂಚನಿಗೆ ಕೊಟ್ಟಿಗೆಯ ಗೋದಲಿ. ಊಟ ಬೇರೆ ಬೇರೆ ತಟ್ಟೆಯಲ್ಲಿ, ಬೇರೆ ಬೇರೆ ಮೂಲೆಯಲ್ಲಿ. ನಡುಮನೆಯಲ್ಲಿ ಎದುರಾದರೆ ಒಂದು ಕಂಬದ ಈಚೆಯಿಂದ, ಇನ್ನೊಂದು ಆಚೆಯಿಂದ ಸರಿದುಹೋಗುತ್ತವೆ. ನಾನು ಬಯಸಿದ್ದು ಇಷ್ಟನ್ನೇ. ಎರಡು ಬೆಕ್ಕುಗಳು ಸ್ನೇಹಿತರಾಗಬೇಕೆಂಬುದು ನಮ್ಮ ಆಸೆ. ಹೆದರಿಕೆಯಿಲ್ಲದೆ ಉಣ್ಣಬೇಕು, ನಿದ್ರಿಸಬೇಕು ಎಂಬುದು ಅವುಗಳ ಅಗತ್ಯ. ಅಗತ್ಯ ಪೂರೈಸಿದ ಮೇಲೆ ಸ್ನೇಹ ಬಂದರೆ ಸಂತೋಷ, ಬಾರದಿದ್ದರೆ ದೂರಬಾರದು.

ಇದಕ್ಕೆ ಕೆಲವು ಆಕ್ಷೇಪಗಳನ್ನು ಕೇಳಿದ್ದೇನೆ. “ಪ್ರಕೃತಿಗೆ ಬಿಟ್ಟುಬಿಡಿ, ಪ್ರಾಣಿಗಳು ತಮ್ಮ ವ್ಯವಹಾರವನ್ನು ತಾವೇ ಬಗೆಹರಿಸಿಕೊಳ್ಳುತ್ತವೆ” ಎಂಬುದು ಮೊದಲನೆಯದು. ಪ್ರಕೃತಿಯಲ್ಲಿ ಸೋತ ಬೆಕ್ಕು ಬೇರೆ ಎಲ್ಲೆಗೆ ಹೊರಟುಹೋಗುತ್ತದೆ. ಬಗೆಹರಿಯುವುದೆಂದರೆ ಅಲ್ಲಿ ಅದೇ ಅರ್ಥ. ನಾಲ್ಕು ಗೋಡೆಯ ನಡುವೆ, ಒಂದೇ ತಟ್ಟೆಯ ಮುಂದೆ ಎರಡನ್ನು ಕೂಡಿಹಾಕಿ ಅದನ್ನು ಪ್ರಕೃತಿಯೆನ್ನುವುದು ತರ್ಕಕ್ಕೆ ನಿಲ್ಲದು.

“ಬಡವರ ಮನೆಯಲ್ಲಿ ಬೆಕ್ಕಿಗೊಂದು ಕೋಣೆ ಎಲ್ಲಿಂದ ತರೋಣ?” ಎಂಬುದು ಎರಡನೆಯದು. ಇದು ಸರಿಯಾದ ಪ್ರಶ್ನೆ. ನಮ್ಮ ಮನೆಯೂ ಎರಡೇ ಅಂಕಣದ ಮಾಳಿಗೆ ಮನೆ. ಬೇಕಾದುದು ಕೋಣೆಯಲ್ಲ, ಒಂದು ಮರೆ ಮತ್ತು ಕೆಲವು ದಿನಗಳು. ಕೊಟ್ಟಿಗೆಯ ಮೂಲೆಗೆ ಬಿದಿರಿನ ತಟ್ಟಿ ಕಟ್ಟಿದರೂ ಆದೀತು; ರಾತ್ರಿಯ ಹೊತ್ತು ಒಂದು ದೊಡ್ಡ ಬುಟ್ಟಿ ಕವುಚಿದರೂ ಆದೀತು. ಇನ್ನೊಂದು ತಟ್ಟೆಗೆ ತೆಂಗಿನ ಚಿಪ್ಪು ಸಾಕು. ಈ ಕ್ರಮಕ್ಕೆ ನಮಗೆ ಲಸಿಕೆಗೂ ಪಟ್ಟಣದ ಪ್ರಯಾಣಕ್ಕೂ ಬಿಟ್ಟರೆ ಬೇರೆ ಖರ್ಚು ಆಗಲಿಲ್ಲ.

ಇದರ ಜೊತೆಗೆ, ಸಾಧ್ಯವಾದರೆ ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಬೆಕ್ಕಿನ ಗರ್ಭಾವಧಿಯೂ ಸುಮಾರು ಎರಡೇ ತಿಂಗಳು. ಆದುದರಿಂದ ಒಂದು ಗಂಡು, ಒಂದು ಹೆಣ್ಣನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಟ್ಟಿಗೆ ಬಿಟ್ಟವರಿಗೆ ಎರಡನೆಯ ಬೆಕ್ಕಿನ ಸಮಸ್ಯೆ ಬೇಗನೆ ಮುಗಿದು, ಆರನೆಯ ಬೆಕ್ಕಿನ ಸಮಸ್ಯೆ ಆರಂಭವಾಗುತ್ತದೆ. ಆ ಮರಿಗಳೇ ಮುಂದೆ ಚೀಲ ಸೇರಿ ಬಸ್ ನಿಲ್ದಾಣಕ್ಕೆ ಬರುವುವು.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. “ಹೊಂದಿಕೊಳ್ಳುವುದು” ಎಂಬುದನ್ನು ನಾವು ಒಂದು ಗುಣವೆಂದು ತಿಳಿದಿದ್ದೇವೆ. ಹೊಂದಿಕೊಂಡ ಬೆಕ್ಕು ಒಳ್ಳೆಯದು, ಹೊಂದಿಕೊಳ್ಳದ್ದು ಕೆಟ್ಟದ್ದು. ನನ್ನ ಎಣಿಕೆಯಲ್ಲಿ ಅದು ಗುಣವಲ್ಲ, ಏರ್ಪಾಡು. ಬೇರೆ ತಟ್ಟೆ, ಬೇರೆ ಮೂಲೆ, ನಡುವೆ ಒಂದು ಬಾಗಿಲು, ಸಾಕಷ್ಟು ಕಾಲ ಇವಿಷ್ಟನ್ನು ಒದಗಿಸಿದರೆ ಮುಂಗೋಪಿ ಕಾಳಿಯೂ ಹೊಂದಿಕೊಳ್ಳುತ್ತದೆ. ಒದಗಿಸದಿದ್ದರೆ ಎಂತಹ ಸಾಧು ಬೆಕ್ಕೂ ಮಾಳಿಗೆ ಹಾರುತ್ತದೆ. ಬಂದ ಬೆಕ್ಕು ತಾನಾಗಿ ಬರಲಿಲ್ಲ, ಇದ್ದ ಬೆಕ್ಕು ಅದನ್ನು ಕರೆಯಲಿಲ್ಲ. ಎರಡನ್ನೂ ಒಂದು ಸೂರಿನಡಿಗೆ ತಂದವರು ನಾವು. ಹೊಣೆಯೂ ನಮ್ಮದೇ ಆಗಬೇಕು.

ಕೆಂಚ ಕೋಣೆಯಿಂದ ಹೊರಗೆ ಬಂದ ದಿನ ಅತ್ತೆ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. “ನಾನು ಮದುವಿಯಾಗಿ ಹೋದಾಗ ನನಗ ಇಷ್ಟು ದಿನ ಯಾರೂ ಕೊಡಲಿಲ್ಲವ್ವಾ” ಎಂದರು. ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಹವೆಯ ವಿಷಯ ಹೇಳುವಂತೆ ಹೇಳಿ, ಎದ್ದು ಒಳಗೆ ಹೋದರು. ಅಜ್ಜಿ ಅದನ್ನು ಕೇಳಿಸಿಕೊಂಡರೆಂದು ನನಗೆ ಗೊತ್ತು. ಮರುದಿನ ಅಡುಗೆಮನೆಯ ಗೋಡೆಗೂಡಿನಲ್ಲಿ ತಮ್ಮ ಎಲೆಯಡಿಕೆಯ ಚೀಲವನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯನ್ನು ಅತ್ತೆಯ ಸಾಮಾನಿಗೆ ಬಿಟ್ಟುಕೊಟ್ಟರು.

ನಮ್ಮ ದೇಶದಲ್ಲಿ ಪ್ರತಿವರ್ಷವೂ ಎಷ್ಟು ಹೆಣ್ಣುಮಕ್ಕಳು ಪರಿಚಯವಿಲ್ಲದ ಮನೆಗಳಿಗೆ ಹೋಗುತ್ತಾರೆ! ಎಷ್ಟು ಹುಡುಗರು, ಹುಡುಗಿಯರು ಹಳ್ಳಿ ಬಿಟ್ಟು ಹಾಸ್ಟೆಲಿನ ಕೋಣೆಗಳಿಗೆ ಬರುತ್ತಾರೆ! ಬರುವವರಿಗೂ ಇರುವವರಿಗೂ ನಾವು ಹೇಳುವುದು “ಹೊಂದಿಕೊಂಡು ಹೋಗಿ” ಎಂಬ ಒಂದೇ ಮಾತನ್ನು. ಹೇಳಿದವರು ಮಾತ್ರ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ. ಮನುಷ್ಯರನ್ನು ಬೆಕ್ಕಿಗೆ ಹೋಲಿಸಿದೆನೆಂದು ಯಾರೂ ಕೋಪಿಸಿಕೊಳ್ಳಬಾರದು. ಬೆಕ್ಕಿಗೂ ಒಂದು ಮೂಲೆ, ಒಂದು ತಟ್ಟೆ, ಕೆಲವು ದಿನ ಬೇಕಾಗುವುದಾದರೆ ಮನುಷ್ಯರಿಗೆ ಅದಕ್ಕಿಂತ ಕಡಿಮೆ ಸಾಲದೆಂದಷ್ಟೇ ನನ್ನ ವಾದ.

ಸಹಪಾಠಿಗಳಲ್ಲಿ ಬೆಕ್ಕು ಸಾಕಿದವರು ಬಹಳ ಮಂದಿಯಿದ್ದೀರಿ. ಈ ಬೇಸಗೆಯ ರಜೆಯಲ್ಲಿ ಯಾರಾದರೂ ಊರಿನಿಂದ ಒಂದು ಮರಿಯನ್ನು ಮನೆಗೆ ತರುವುದಾದರೆ, ಮರಿಯನ್ನು ತರುವುದಕ್ಕಿಂತ ಒಂದು ದಿನ ಮೊದಲು ಮನೆಯೊಳಗೆ ಅದಕ್ಕೊಂದು ಮೂಲೆಯನ್ನು ಹುಡುಕಿಡಿರಿ. ಇರುವ ಬೆಕ್ಕಿಗೆ ಅಂದೂ ಅದರ ಹೊತ್ತಿಗೇ, ಅದರ ಜಾಗದಲ್ಲೇ ಊಟ ಹಾಕಿರಿ. ಚೀಲವನ್ನು ಪಡಸಾಲೆಯಲ್ಲಿ ಬಿಚ್ಚಬೇಡಿರಿ.